ಗಾಜಿನ ಕಸ: ತೊಳೆಯುವ ಕೆಲಸ ಕಡಿಮೆ, ಹೆಕ್ಕುವ ಕೆಲಸ ಜಾಸ್ತಿ

"ಲೇಬಲ್ ಕಿತ್ತು ಹಾಕಬೇಕಾ?" "ಸೋಪು ಹಾಕಿ ತೊಳೆಯಬೇಕಾ?" "ಒಡೆದು ಪುಡಿ ಮಾಡಿ ಕೊಟ್ಟರೆ ಜಾಗ ಉಳಿಯುತ್ತಲ್ಲಾ?" ಗಾಜಿನ ಮರುಬಳಕೆಯ ಮಾತು ಬಂದಾಗಲೆಲ್ಲ ಓದುಗರು ತಿರುಗಿ ಮುರುಗಿ ಕೇಳುವುದು ಈ ಮೂರನ್ನೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಉತ್ತರ ಇಷ್ಟೇ: ಕಾಗದದ ಲೇಬಲ್ ಕೀಳಬೇಡಿ, ಸೋಪು ಬೇಡ, ಒಡೆಯಲಂತೂ ಬೇಡವೇ ಬೇಡ. ಆ ಹೊತ್ತನ್ನೆಲ್ಲ ಉಳಿಸಿ, ಗಾಜಿನ ಹಾಗೇ ಕಾಣುವ ಆದರೆ ಸೀಸೆಗಳ ರಾಶಿಗೆ ಸೇರಬಾರದ ವಸ್ತುಗಳನ್ನು ಹೆಕ್ಕಿ ತೆಗೆಯುವುದಕ್ಕೆ ಬಳಸಿ. ಜಿಡ್ಡು ಹತ್ತಿದ ಸೀಸೆಯನ್ನು ಕಾರ್ಖಾನೆ ಹೇಗೋ ನಿಭಾಯಿಸುತ್ತದೆ. ಒಡೆದ ಪಿಂಗಾಣಿ ಕಪ್ಪಿನ ಒಂದು ಹಿಡಿಕೆಯನ್ನು ನಿಭಾಯಿಸುವುದು ಅದಕ್ಕಿಂತ ಎಷ್ಟೋ ಕಷ್ಟ.

ಮನೆಯಲ್ಲಿ ಸೀಸೆ ಕೂಡಿಡುವವರಿಗೆ ಹಂತ 1ರಿಂದ 3 ಸಾಕು. ಹತ್ತಾರು ಮನೆಗಳ ಗಾಜನ್ನು ಒಂದೆಡೆ ಸೇರಿಸಿ ಸಾಗಿಸುವ ಗುಂಪುಗಳು ಕೊನೆಯವರೆಗೂ ಓದಬೇಕು.

ಕುಲುಮೆ ಯಾಕಿಷ್ಟು ಮಡಿ ಮಾಡುತ್ತದೆ

ಸೀಸೆ, ಜಾಡಿಗಳ ಗಾಜಿನ ತೂಕದಲ್ಲಿ ಶೇ. 70ರಿಂದ 74ರಷ್ಟು ಸಿಲಿಕಾ, ಅಂದರೆ ಮರಳು. ಉಳಿದದ್ದರಲ್ಲಿ ಹೆಚ್ಚಿನದು ಸೋಡಾ ಮತ್ತು ಸುಣ್ಣ; ಅದಕ್ಕೇ ಇದನ್ನು ಸೋಡಾ-ಸುಣ್ಣದ ಗಾಜು ಎನ್ನುವುದು. ಈ ಮೂರನ್ನು ಬೆರೆಸಿ 1500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಿದರೆ ಹೊಸ ಗಾಜು. ಮತ್ತೆ ಕರಗಿಸಲು ಹಾಕುವ ಹಳೆಯ ಗಾಜಿನ ಚೂರಿಗೆ ಈ ಉದ್ಯಮದಲ್ಲಿ 'ಕಲೆಟ್' ಎಂದು ಹೆಸರು. ಒಮ್ಮೆ ಕರಗಿ ಗಾಜಾಗಿರುವ ಚೂರು ಮತ್ತೆ ಕರಗುವಾಗ ಮರಳಿನಷ್ಟು ಸತಾಯಿಸುವುದಿಲ್ಲ. ಕುಲುಮೆಗೆ ಹಾಕುವ ಮಿಶ್ರಣದಲ್ಲಿ ಕಲೆಟ್‌ನ ಪಾಲು ಶೇ. 10ರಷ್ಟು ಏರಿದರೆ ಇಂಧನ ಸುಮಾರು ಶೇ. 2.5ರಿಂದ 3ರಷ್ಟು ಉಳಿಯುತ್ತದೆ. ಜೊತೆಗೆ, ಸೋಡಾ ಬೂದಿ ಮತ್ತು ಸುಣ್ಣದ ಕಲ್ಲು ಕಾದಾಗ ಬಿಡುವ ಇಂಗಾಲದ ಡೈಆಕ್ಸೈಡ್ ಕಲೆಟ್‌ನಲ್ಲಿ ಉಳಿದಿರುವುದೇ ಇಲ್ಲ, ಮೊದಲ ಸಲ ಕರಗಿದಾಗಲೇ ಹೋಗಿರುತ್ತದೆ. ಒಂದು ಟನ್ ಕಲೆಟ್ ಸುಮಾರು 1.2 ಟನ್ ಕಚ್ಚಾವಸ್ತುವಿಗೆ ಸಮನಾಗುವುದು ಇದೇ ಕಾರಣಕ್ಕೆ.

ಇಷ್ಟು ಲಾಭ ಇದ್ದಮೇಲೆ ಸಿಕ್ಕ ಗಾಜನ್ನೆಲ್ಲ ಕುಲುಮೆಗೆ ಸುರಿಯಬಹುದಲ್ಲ ಅನ್ನಿಸುತ್ತದೆ. ತೊಂದರೆ ಬರುವುದು ಗಾಜಿನ ಜೊತೆ ನುಸುಳಿ ಬರುವ ಪರಕೀಯರಿಂದ.

ಪಿಂಗಾಣಿಯನ್ನೇ ತೆಗೆದುಕೊಳ್ಳಿ. ಗಾಜು ಕುಲುಮೆಯೊಳಗೆ ಇರುವುದು ಹೆಚ್ಚುಕಡಿಮೆ ಒಂದು ದಿನ. ಅಷ್ಟರಲ್ಲಿ ಪಿಂಗಾಣಿಯ ಚೂರು ಪೂರ್ತಿ ಕರಗುವುದಿಲ್ಲ, ಹೊಸ ಸೀಸೆಯ ಗೋಡೆಯಲ್ಲಿ ಸಾಸಿವೆಯಷ್ಟು ಕಲ್ಲಾಗಿ ಹೋಗಿ ಕೂರುತ್ತದೆ. ಕಾದಾಗ ಗಾಜು ಹಿಗ್ಗುವ ಲೆಕ್ಕವೇ ಬೇರೆ, ಆ ಕಲ್ಲು ಹಿಗ್ಗುವ ಲೆಕ್ಕವೇ ಬೇರೆ. ಎರಡರ ಜಗ್ಗಾಟದಲ್ಲಿ ಗಾಜಿನೊಳಗೆ ಬಿಗಿತ ಉಳಿದುಬಿಡುತ್ತದೆ. ಬಿಸಿ ದ್ರವವನ್ನೋ ಒತ್ತಡದ ಪಾನೀಯವನ್ನೋ ತುಂಬಿದ ದಿನ ಸೀಸೆ ಅಲ್ಲಿಂದಲೇ ಸೀಳುತ್ತದೆ.

ಅಲ್ಯೂಮಿನಿಯಂನದು ಇನ್ನೊಂದು ಬಗೆಯ ಕಿತಾಪತಿ. ಅದು ಕರಗಿದ ಗಾಜಿನ ಸಿಲಿಕಾದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಉಳಿಯುವುದು ಸಿಲಿಕಾನ್‌ನ ಹೊಳೆಯುವ ಪುಟ್ಟ ಗುಂಡು. ಅದೂ ಸೀಸೆಯ ಗೋಡೆಯಲ್ಲೇ ಸೇರಿಕೊಳ್ಳುತ್ತದೆ. ಲೋಹರೂಪದ ಸೀಸ ಗಾಜಿಗಿಂತ ಎಷ್ಟೋ ಭಾರ. ಕರಗಿ ಕುಲುಮೆಯ ತಳಕ್ಕಿಳಿದು ಇಟ್ಟಿಗೆಯನ್ನು ಕೆಳಮುಖವಾಗಿ ಕೊರೆಯುತ್ತಾ ಹೋಗುತ್ತದೆ. ಗಾಜಿನ ಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಹತ್ತು-ಹದಿನೈದು ವರ್ಷ ಹಗಲು ರಾತ್ರಿ ಆರಿಸುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ತಳ ತೂತಾಗುವುದು ಎಂಥ ಅನಾಹುತ ಎಂದು ಗೊತ್ತಾಗುತ್ತದೆ. ಇವುಗಳ ಮುಂದೆ ಎಣ್ಣೆ, ಸಕ್ಕರೆ, ಕಾಗದದ ಕಾಟ ಸಣ್ಣದು. ಇವೆಲ್ಲ ಉರಿದು ಇಂಗಾಲವಾಗಿ ಕರಗಿದ ಗಾಜಿನಲ್ಲಿ ನೊರೆ ಎಬ್ಬಿಸುತ್ತವೆ, ಬಣ್ಣವನ್ನು ಕಂದಿನ ಕಡೆಗೆ ಎಳೆಯುತ್ತವೆ. ಸ್ವಲ್ಪ ಇದ್ದರೆ ನಡೆಯುತ್ತದೆ, ಹೆಚ್ಚಾದರೆ ಇಲ್ಲ.

ಕೈಗೆ ಬೇಕಾದ ಸಾಮಾನು

ಅಂಗೈಗೆ ರಬ್ಬರು ಲೇಪವಿರುವ, ಗಾಜಿಗೆ ಹರಿಯದ ಕೈಗವಸು. ಬರೀ ನೂಲಿನ ಕೈಗವಸು ಹಾಕಿಕೊಳ್ಳುವುದೂ ಒಂದೇ, ಬರಿಗೈಯಲ್ಲಿ ಕೆಲಸ ಮಾಡುವುದೂ ಒಂದೇ. ಕಣ್ಣಿಗೆ ಬದಿಯೂ ಮುಚ್ಚುವಂಥ ಕನ್ನಡಕ, ಕಾಲಿಗೆ ಬೆರಳು ಮುಚ್ಚುವ ಬೂಟು. ಗಟ್ಟಿ ತೊಟ್ಟಿ ಅಥವಾ ಕ್ರೇಟು ನಾಲ್ಕು: ಬಿಳಿ (ಅಂದರೆ ಬಣ್ಣವಿಲ್ಲದ ಗಾಜು), ಹಸಿರು, ಕಂದು ಬಣ್ಣಗಳಿಗೆ ಮೂರು, 'ಬೇಡ'ದ್ದಕ್ಕೆ ಒಂದು. ಒಂದು ಇಕ್ಕಳ, ಒಂದು ಟಾರ್ಚು, ಒಂದು ಬಿಳಿ ಹಾಳೆ. ಔಷಧದ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್‌ನ ಸಣ್ಣ ಬಾಟಲಿಯೂ ಇರಲಿ. ಯಾಕೆಂದು ಈಗಲೇ ಹೇಳುತ್ತೇನೆ.

ಹಂತ 1: 'ಬೇಡ'ದ ತೊಟ್ಟಿಯನ್ನು ಮೊದಲು ತುಂಬಿಸಿ

ಬಹುಪಾಲು ಜನ ಬಣ್ಣದಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗಾದ ಕ್ರಮ. ಬಣ್ಣ ತಪ್ಪಿದರೆ ಯಂತ್ರ ತಿದ್ದಿಕೊಳ್ಳುತ್ತದೆ. ಜಾತಿಯೇ ಬೇರೆಯಾದ ಗಾಜು ಸೇರಿಕೊಂಡರೆ, ಅದೂ ಚೂರಾದ ಮೇಲೆ, ಹುಡುಕುವುದು ಬಲು ಕಷ್ಟ. ಇಡೀ ವಸ್ತುವಾಗಿ ನಿಮ್ಮ ಕೈಯಲ್ಲಿರುವಾಗ ಒಂದೇ ನೋಟಕ್ಕೆ ಗೊತ್ತಾಗುವ ಕಪ್ಪು-ಬಸಿ ಪುಡಿಯಾದ ಮೇಲೆ ಸಾವಿರ ಬಿಳಿ ಚೂರುಗಳ ನಡುವಿನ ಇನ್ನೊಂದು ಬಿಳಿ ಚೂರು ಅಷ್ಟೆ.

ಪಿಂಗಾಣಿ, ಮಣ್ಣಿನ ಪಾತ್ರೆ, ಟೈಲ್ಸು, ಕಲ್ಲು: ಇವು ಎಲ್ಲಕ್ಕಿಂತ ಮೊದಲು ಆಚೆಗೆ. ಹಾಲಿನಂತೆ ಬೆಳ್ಳಗಿರುವ ಊಟದ ತಟ್ಟೆ-ಬಟ್ಟಲುಗಳು ಪಿಂಗಾಣಿಯಲ್ಲದೆ ಅಪಾರದರ್ಶಕ ಗಾಜೇ ಆಗಿರಬಹುದು, ಆದರೂ ಸೀಸೆಯ ರಾಶಿಗೆ ಅವು ಬೇಡ.

ಇನ್ನು ಎಲ್ಲರೂ ಎಡವುವ ಜಾಗ: ಶಾಖ ತಡೆಯುವ ಗಾಜು. ಓವನ್ನಿನಲ್ಲಿಡುವ ಬಟ್ಟಲು, ಪ್ರಯೋಗಾಲಯದ ಬೀಕರು, ಕುದಿಯುವ ನೀರಿಗೂ ಒಡೆಯದ ಜಗ್ಗು, ಹೆಚ್ಚಿನ ಇಂಜೆಕ್ಷನ್ ಸೀಸೆಗಳು, ಇವೆಲ್ಲ ಸಾಮಾನ್ಯವಾಗಿ ಬೋರೋಸಿಲಿಕೇಟ್ ಗಾಜು, ಅಂದರೆ ಬೋರಾನ್ ಸೇರಿಸಿ ಮಾಡಿದ್ದು. ಬಿಸಿಗೆ ಇದು ಹಿಗ್ಗುವುದು ಸಾಮಾನ್ಯ ಗಾಜು ಹಿಗ್ಗುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಅಡುಗೆಮನೆಯಲ್ಲಿ ಒಡೆಯದೆ ಬಾಳುವುದಕ್ಕೆ ಈ ಗುಣ ಕಾರಣ, ಕುಲುಮೆಯಲ್ಲಿ ತಂಟೆ ಮಾಡುವುದಕ್ಕೆ ಕಾರಣ ಬೇರೆ. ಮೆತ್ತಗಾಗಲು ಇದಕ್ಕೆ ಹೆಚ್ಚು ಶಾಖ ಬೇಕು. ಸುತ್ತಲಿನ ಗಾಜೆಲ್ಲ ಪಾಕವಾಗಿರುವಾಗ ಇದು ಸರಿಯಾಗಿ ಬೆರೆಯದೆ ಗಂಟುಗಂಟಾಗಿ, ಗೆರೆಗೆರೆಯಾಗಿ ಉಳಿಯುತ್ತದೆ.

ನೋಡಿ ಗುರುತಿಸುವುದು ಹೇಗೆ? ವಸ್ತುವಿನ ಮೇಲೆ ಕಂಪನಿಯ ಗುರುತು, ಓವನ್ ಚಿಹ್ನೆ ಇದ್ದರೆ ಸರಿಹೋಯಿತು. ಒಡೆದ ಅಂಚನ್ನು ಬಿಳಿ ಹಾಳೆಯ ಮೇಲಿಟ್ಟು ಅಡ್ಡಡ್ಡ ನೋಡಿ: ಸಾಮಾನ್ಯ ಗಾಜಿನ ಅಂಚು ಹೆಚ್ಚಾಗಿ ತೆಳು ಹಸಿರಾಗಿ ಕಾಣುತ್ತದೆ, ಬೋರೋಸಿಲಿಕೇಟ್‌ನಲ್ಲಿ ಆ ಹಸಿರು ಇರುವುದು ಅಪರೂಪ. ಆಗಲೂ ಅನುಮಾನ ಉಳಿದರೆ ಗ್ಲಿಸರಿನ್ ಹೊರತೆಗೆಯಿರಿ.

ಸಣ್ಣ ಲೋಟದಲ್ಲಿ ಎರಡು ಬೆರಳಿನಷ್ಟು ಗ್ಲಿಸರಿನ್ ಹುಯ್ದುಕೊಳ್ಳಿ. ಬಣ್ಣವಿಲ್ಲದ, ಒರೆಸಿ ಒಣಗಿಸಿದ ಚೂರನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಮುಳುಗಿಸಿ. ಸೀಸೆಯ ಗಾಜಾದರೆ ಅದರ ಅಂಚು, ಗೆರೆ ಎಲ್ಲ ದ್ರವದೊಳಗೂ ಎದ್ದು ಕಾಣುತ್ತದೆ. ಬೋರೋಸಿಲಿಕೇಟ್ ಆದರೆ ಮುಳುಗಿದಷ್ಟೂ ಮಾಯ! ಇಕ್ಕಳದ ತುದಿ ಖಾಲಿ ದ್ರವವನ್ನು ಕಚ್ಚಿಕೊಂಡಂತೆ ಕಾಣುತ್ತದೆ. ಜಾದೂ ಏನೂ ಇಲ್ಲ. ಬೆಳಕನ್ನು ಬಾಗಿಸುವ ಗುಣದ ಅಳತೆಗೆ ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ. ಗ್ಲಿಸರಿನ್‌ಗೂ ಬೋರೋಸಿಲಿಕೇಟ್‌ಗೂ ಅದು 1.47ರ ಆಸುಪಾಸು, ಸೋಡಾ-ಸುಣ್ಣದ ಗಾಜಿಗೆ 1.52. ದ್ರವದಿಂದ ಗಾಜಿಗೆ ದಾಟುವಾಗ ಬೆಳಕು ಬಾಗದೇ ಹೋದರೆ ಕಣ್ಣಿಗೆ ಅಂಚು ಸಿಗುವುದೇ ಇಲ್ಲ. ಒಂದೇ ಎಚ್ಚರಿಕೆ: ಗ್ಲಿಸರಿನ್‌ಗೆ ನೀರು ಬೆರೆತರೆ ಲೆಕ್ಕ ತಪ್ಪುತ್ತದೆ, ಒದ್ದೆ ಚೂರು ಹಾಕಬೇಡಿ. ಮಕ್ಕಳಿಗೆ ತೋರಿಸಲು ಒಳ್ಳೆಯ ಆಟ, ಚೂರು ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಒಲೆಯ ಮೇಲ್ಮೈಗೆ ಬಳಸುವ ಗಾಜು-ಸೆರಾಮಿಕ್ ಇನ್ನೂ ಮೋಸಗಾರ. ನೋಡಲು ಅಪ್ಪಟ ಗಾಜು, ಗುಣದಲ್ಲಿ ಪಿಂಗಾಣಿಯ ನೆಂಟ. ಒಲೆಯ ಮೇಲೇ ಇಡಬಹುದಾದ ಕಂದು ಬಣ್ಣದ ಪಾರದರ್ಶಕ ಪಾತ್ರೆಗಳೂ ಇದೇ ಜಾತಿ. ಚೂರಾದ ಮೇಲೆ ಕಂದು ಸೀಸೆಯ ಚೂರಿಗೂ ಅದಕ್ಕೂ ವ್ಯತ್ಯಾಸ ಬರಿಗಣ್ಣಿಗೆ ಗೊತ್ತಾಗುವುದಿಲ್ಲ.

ಕ್ರಿಸ್ಟಲ್ ಲೋಟ, ಹೂದಾನಿಗಳನ್ನೂ ಬೇರೆಯಿಡಿ. ಹಳೆಯ ಕ್ರಿಸ್ಟಲ್‌ನಲ್ಲಿ ಸೀಸದ ಆಕ್ಸೈಡ್ ಇರುತ್ತದೆ. ಯುರೋಪಿನ ನಿಯಮದಂತೆ 'ಸೀಸದ ಕ್ರಿಸ್ಟಲ್' ಎಂದು ಕರೆಸಿಕೊಳ್ಳಲು ಅದು ಕನಿಷ್ಠ ಶೇ. 24 ಇರಬೇಕು. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ, ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ಎಳೆಯುವ ನಾದ. ಇದು ಕರಗಿ ಬೆರೆತರೆ ಹೊಸ ಸೀಸೆಗೆ ಸೀಸ ಸೇರಿತು ಎಂದೇ ಲೆಕ್ಕ. ನಮ್ಮ ಭಾಷೆಯಲ್ಲಿ ಈ ಎರಡು ಪದಗಳ ನಡುವೆ ಒಂದು ಸ್ವರದ ಅಂತರ ಇರಬಹುದು, ತಿನ್ನುವ-ಕುಡಿಯುವ ವಸ್ತು ತುಂಬುವ ಸೀಸೆಯಲ್ಲಿ ಸೀಸಕ್ಕೆ ಜಾಗವಿಲ್ಲ.

ಕಿಟಕಿ ಗಾಜೂ ಸೋಡಾ-ಸುಣ್ಣದ್ದೇ, ಆದರೆ ಪಾಕದ ಅಳತೆ ಸ್ವಲ್ಪ ಬೇರೆ. ಅದನ್ನು ಪ್ರತ್ಯೇಕ ರಾಶಿ ಮಾಡಿ, ತೆಗೆದುಕೊಳ್ಳುವವರನ್ನು ಕೇಳಿ ಕೊಡಿ. ಕನ್ನಡಿಯ ಹಿಂದೆ ಲೋಹದ ಲೇಪ, ಅದರ ಮೇಲೆ ಬಣ್ಣ ಇರುತ್ತದೆ. ಕಾರಿನ ಮುಂಗಾಜಿನಲ್ಲಿ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ; ಅದನ್ನು ಬಿಡಿಸಲು ಬೇರೆಯೇ ಯಂತ್ರ ಬೇಕು. ಇವೆರಡೂ ಸೀಸೆಯ ಜೊತೆ ಬೇಡ.

ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸ ಇದೆ. ಹಳೆಯ ಡಬ್ಬಾ ಟಿ.ವಿ.ಯ ಪರದೆಯ ಹಿಂಬದಿಯ ಗಾಜಿನಲ್ಲಿ ಸೀಸ ಇದೆ. ಇವುಗಳ ದಾರಿಯೇ ಬೇರೆ, ಅಪಾಯಕಾರಿ ಕಸ ಮತ್ತು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಡೆಯದಂತೆ ತಲುಪಿಸಬೇಕು. ಕೀಟನಾಶಕ, ಆಸಿಡ್ ತುಂಬಿದ್ದ ಸೀಸೆ, ಆಸ್ಪತ್ರೆಯಿಂದ ಬಂದ ಸೀಸೆಗಳಿಗೂ ಇದೇ ಮಾತು. ತೊಳೆದು ಸರಿಮಾಡುತ್ತೇನೆಂಬ ಸಾಹಸ ಬೇಡ.

ಹಂತ 2: ಮುಚ್ಚಳ, ಬಿರಡೆ, ಕೊರಳಿನ ಉಂಗುರ

ಮುಚ್ಚಳ ತೆಗೆದು ಲೋಹ, ಪ್ಲಾಸ್ಟಿಕ್ ಎಂದು ಆಯಾ ಕಸಕ್ಕೆ ಹಾಕಿ. "ತೆಗೆದ ಮುಚ್ಚಳವನ್ನೇ ಮತ್ತೆ ಬಿಗಿದು ಹಾಕಿದರೆ ಕಳೆದುಹೋಗುವುದಿಲ್ಲ" ಎಂದು ಬಿಗಿಯುವವರಿದ್ದಾರೆ. ಅದರಿಂದ ಎರಡು ನಷ್ಟ. ಒಳಗಿನ ತೇವ ಆರುವುದಿಲ್ಲ. ಸೀಸೆ ಪುಡಿಯಾದಾಗ ಕೊರಳಿನ ಗಾಜು ಮುಚ್ಚಳಕ್ಕೇ ಕಚ್ಚಿಕೊಂಡಿರುತ್ತದೆ. ಅಯಸ್ಕಾಂತ ಮುಚ್ಚಳವನ್ನು ಎಳೆದುಕೊಳ್ಳುವಾಗ ಆ ಗಾಜೂ ಅದರ ಹಿಂದೆಯೇ ಹೋಗುತ್ತದೆ.

ಮುಚ್ಚಳ ತಿರುಚಿದ ಮೇಲೆ ಕೊರಳಲ್ಲಿ ಉಳಿಯುವ ತೆಳು ಉಂಗುರದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಇಕ್ಕಳಕ್ಕೆ ಸುಲಭವಾಗಿ ಬಂದರೆ ಸರಿ, ಇಲ್ಲದಿದ್ದರೆ ಬಿಟ್ಟುಬಿಡಿ. ಚಾಕು ತೂರಿಸಿ ಮೀಟುವುದು ಮಾತ್ರ ಬೇಡ. ನನಗೆ ಗೊತ್ತಿರುವಂತೆ ಮನೆಮಟ್ಟದಲ್ಲಿ ಕೈ ಕುಯ್ದುಕೊಳ್ಳುವುದು ಒಡೆದ ಗಾಜಿನಿಂದಲ್ಲ, ಈ ಉಂಗುರ ಬಿಡಿಸುವ ಹಟದಿಂದ.

ಬಿಡಲೇಬಾರದ್ದು ಒಂದಿದೆ: ತಂತಿಯ ಬಿಗಿಯಲ್ಲಿ ಕೂರುವ ಪಿಂಗಾಣಿಯ ಬಿರಡೆ. ಸೀಸೆ ಎಷ್ಟು ಚೆಂದವಾಗಿ ತೊಳೆದಿದ್ದರೂ ಆ ಗುಂಡು ಬಿರಡೆ ಅದರ ಮೇಲಿದ್ದರೆ ನೀವು ಕುಲುಮೆಗೆ ಪಿಂಗಾಣಿ ಕಳಿಸಿದಂತೆಯೇ. ತಂತಿಯನ್ನು ಇಕ್ಕಳದಲ್ಲಿ ಕತ್ತರಿಸಿ ಬಿರಡೆಯನ್ನು 'ಬೇಡ'ಕ್ಕೆ ಹಾಕಿ. ಸುಗಂಧದ ಸೀಸೆಯ ಪಂಪು ಲೋಹದ ಪಟ್ಟಿಯಿಂದ ಅಮುಕಿ ಕೂರಿಸಿದ್ದು. ಇಕ್ಕಳಕ್ಕೆ ಬರದಿದ್ದರೆ ಸೀಸೆಯನ್ನೇ ಪಕ್ಕಕ್ಕಿಡಿ.

ಹಂತ 3: ತೊಳೆಯುವುದು, ಬಹಳ ಹೊತ್ತಲ್ಲ

ಖಾಲಿ ಮಾಡಿ, ಸ್ವಲ್ಪ ನೀರು ಹಾಕಿ, ಬಾಯಿಗೆ ಅಂಗೈ ಇಟ್ಟು ಕುಲುಕಿ, ಚೆಲ್ಲಿ. ಕೆಲಸ ಮುಗಿಯಿತು. ಪಾತ್ರೆ ತೊಳೆದು ಉಳಿದ ನೀರೇ ಸಾಕು. ಇದನ್ನು ಮಾಡುವುದು ಕುಲುಮೆಗಾಗಿ ಎನ್ನುವುದಕ್ಕಿಂತ ನಿಮ್ಮ ಮೂಗಿಗಾಗಿ, ಇರುವೆ-ನೊಣ ಬಾರದಿರಲಿ ಎಂದು. ಎಣ್ಣೆಯ ಸೀಸೆಯನ್ನು ಒಂದು ರಾತ್ರಿ ಬೋರಲು ಹಾಕಿ ಬಸಿದು, ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಒಮ್ಮೆ ಆಡಿಸಿ. ಜಾಡಿಯ ಅಂಚಿಗೆ ಗಟ್ಟಿಯಾಗಿ ಅಂಟಿದ್ದನ್ನು ಚಮಚದಲ್ಲಿ ಕೆರೆದು ತೆಗೆದರೆ ಆಯಿತು. ಬಕೆಟ್ಟುಗಟ್ಟಲೆ ಬಿಸಿನೀರು ಕಾಯಿಸಿ ಕನ್ನಡಿಯಂತೆ ಹೊಳೆಸಲು ಕೂತರೆ, ಕಲೆಟ್‌ನಿಂದ ಉಳಿಯಬೇಕಾದ ಇಂಧನವನ್ನು ನೀವೇ ಒಲೆಯಲ್ಲಿ ಉರಿಸಿದಂತೆ.

ಕಾಗದದ ಲೇಬಲ್ಲು ಇರಲಿ. ಕಾರ್ಖಾನೆಯಲ್ಲಿ ಚೂರುಗಳು ಒಣಗುತ್ತಾ ಒಂದಕ್ಕೊಂದು ಉಜ್ಜಿದಾಗ ಅದು ಬಹುಪಾಲು ಉದುರಿ ಗಾಳಿಗೆ ಹಾರಿಹೋಗುತ್ತದೆ, ಅಳಿದುಳಿದ ಅಂಟು ಕುಲುಮೆಯಲ್ಲಿ ಸುಡುತ್ತದೆ. ಸೀಸೆಯ ಮೈಗೆ ಪೂರ್ತಿ ಅಂಗಿಯಂತೆ ತೊಡಿಸಿದ ಪ್ಲಾಸ್ಟಿಕ್ ಕವಚವನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಯಂತ್ರದ ಕ್ಯಾಮೆರಾಕ್ಕೆ ಕಾಣಬೇಕಾದದ್ದು ಗಾಜಿನ ಬಣ್ಣ, ಕವಚದ ಬಣ್ಣವಲ್ಲ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. "ಸೀಸೆ ಕಂಪನಿಯವರು ಕಾಸ್ಟಿಕ್ ಸೋಡಾದಲ್ಲಿ ತೊಳೆಯುತ್ತಾರಂತೆ, ನಾವೂ ಮಾಡಬಹುದಾ?" ಎಂದು ಕೇಳುವವರಿದ್ದಾರೆ. ಅದು ಮರುತುಂಬಿಸುವ ಸೀಸೆಗಳ ವಿಷಯ. ಅಲ್ಲಿ ಮುಚ್ಚಿದ ಯಂತ್ರದಲ್ಲಿ, ಸುಮಾರು 60ರಿಂದ 80 ಡಿಗ್ರಿ ಬಿಸಿಯ ಕಾಸ್ಟಿಕ್ ದ್ರಾವಣದಲ್ಲಿ ಸೀಸೆಗಳನ್ನು ಮುಳುಗಿಸಿ ಲೇಬಲ್, ಅಂಟು, ಕೊಳೆ ಎಲ್ಲ ತೆಗೆಯುತ್ತಾರೆ. ಮನೆಯ ಬಕೆಟ್ಟಿನಲ್ಲಿ ಅದನ್ನು ಮಾಡಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕೊರಳಲ್ಲಿ ಉಳಿದ ಅಲ್ಯೂಮಿನಿಯಂ ಉಂಗುರದ ಜೊತೆ ಅದು ವರ್ತಿಸಿ ಬೆಂಕಿ ಹಿಡಿಯುವ ಜಲಜನಕ ಅನಿಲ ಬಿಡುತ್ತದೆ. ಬ್ಲೀಚು, ಆಸಿಡ್ಡು ಬೆರೆಸಿದರಂತೂ ವಿಷಕಾರಿ ಕ್ಲೋರಿನ್. ಕರಗಿಸಲು ಹೋಗುವ ಗಾಜಿಗೆ ಇದ್ಯಾವುದೂ ಬೇಕಾಗಿಲ್ಲ.

ಮರುತುಂಬಿಸುವ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ: ಮುಕ್ಕಾಗದ ಇಡೀ ಸೀಸೆಯನ್ನು ವಾಪಸು ಪಡೆದು ಮತ್ತೆ ತುಂಬಿಸುವ ವ್ಯವಸ್ಥೆ ಇದ್ದರೆ ಮೊದಲು ಅಲ್ಲಿಗೇ ಕೊಡಿ. ತೊಳೆಯುವುದಕ್ಕೆ ಬೇಕಾದ ಶಾಖ ಕರಗಿಸುವ ಶಾಖದ ಹತ್ತಿರಕ್ಕೂ ಬರುವುದಿಲ್ಲ.

ಹಂತ 4: ಬಣ್ಣ ಬೇರ್ಪಡಿಸುವುದು

ಶುರುಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಂಡು ಬನ್ನಿ: ನಿಮ್ಮಿಂದ ಗಾಜು ಒಯ್ಯುವವರು ಬಣ್ಣಗಳನ್ನು ಬೇರೆಬೇರೆಯಾಗಿಯೇ ಸಾಗಿಸುತ್ತಾರೋ, ಒಂದೇ ಗಾಡಿಗೆ ಸುರಿಯುತ್ತಾರೋ? ಸುರಿಯುವುದಾದರೆ ಈ ಹಂತವನ್ನು ಬಿಟ್ಟು ಮುಂದೆ ಹೋಗಿ, ಶ್ರಮ ಉಳಿಯಿತು.

ಬಣ್ಣ ಮೇಲಿನ ಲೇಪವಲ್ಲ, ಪಾಕದಲ್ಲೇ ಬೆರೆತದ್ದು. ಹಸಿರಿಗೆ ಕ್ರೋಮಿಯಂ, ಗಾಢ ನೀಲಿಗೆ ಕೋಬಾಲ್ಟ್, ಕಂದಿಗೆ ಕಬ್ಬಿಣ-ಗಂಧಕ-ಇಂಗಾಲಗಳ ಕೂಟ. ಒಮ್ಮೆ ಕರಗಿ ಸೇರಿದ ಕ್ರೋಮಿಯಂ ಅನ್ನು ಮತ್ತೆ ಹೊರತೆಗೆಯುವ ದಾರಿಯಿಲ್ಲ. ಹಾಗಾಗಿ ಬಣ್ಣವಿಲ್ಲದ ಬಿಳಿ ಗಾಜಿಗೆ ಸಹನೆ ತೀರಾ ಕಡಿಮೆ. ಹಸಿರು ಗಾಜು ಮಾತ್ರ ದೊಡ್ಡ ಹೊಟ್ಟೆಯದು, ಬೇರೆ ಬಣ್ಣಗಳನ್ನು ಸಾಕಷ್ಟು ನುಂಗಿಕೊಳ್ಳುತ್ತದೆ. ಶೇ. 80ಕ್ಕೂ ಮೀರಿ ಕಲೆಟ್ ಹಾಕಿ ಹಸಿರು ಸೀಸೆ ಮಾಡುವ ಕುಲುಮೆಗಳಿವೆ. ನಿಮ್ಮ ಮಟ್ಟಿಗೆ ಇದರಿಂದ ಸಿಗುವ ಸೂತ್ರ: ಯಾವ ಬಣ್ಣ ಎಂಬ ಅನುಮಾನ ಬಂದರೆ, ನೀಲಿ ಸೀಸೆ ಸಿಕ್ಕರೆ, ಹಸಿರಿಗೆ ಹಾಕಿ. ಬಿಳಿಯ ತೊಟ್ಟಿಗೆ ಅನುಮಾನದ್ದು ಯಾವುದೂ ಬೀಳಬಾರದು.

ಬಿಳಿ ಸೀಸೆಯ ದಪ್ಪ ತಳದಲ್ಲಿ ತುಸು ಹಸಿರು ಛಾಯೆ ಕಂಡರೆ ಗಾಬರಿ ಬೇಡ, ಅದು ಮರಳಿನಲ್ಲಿದ್ದ ಕಬ್ಬಿಣದ ಗುರುತು, ಬಿಳಿಗೇ ಸೇರಿಸಿ. ಮೋಸ ಹೋಗುವುದು ಹೊರಗಿನಿಂದ ಬಣ್ಣ ಬಳಿದ ಸೀಸೆಗಳಲ್ಲಿ. ಕಪ್ಪು, ಕೆಂಪು, ಚಿನ್ನದ ಬಣ್ಣದ ಸೀಸೆ ಸಿಕ್ಕರೆ ಬಾಯಿಯೊಳಗೆ ಟಾರ್ಚು ಬಿಟ್ಟು ಅಂಚಿನ ಗಾಜನ್ನು ನೋಡಿ. ಎಷ್ಟೋ ಸಲ ಒಳಗೆ ಅಪ್ಪಟ ಬಿಳಿ ಗಾಜಿರುತ್ತದೆ. ಆದರೂ ಹೊರಗೆ ಪೂರ್ತಿ ಬಣ್ಣ ಬಳಿದಿದ್ದರೆ ಹಸಿರಿಗೆ ಹಾಕುವುದೇ ಕ್ಷೇಮ.

ಹಂತ 5: ಒಡೆಯಬೇಡಿ

ಒಡೆದರೆ ಜಾಗ ಉಳಿಯುತ್ತದೆ, ನಿಜ. ಆದರೆ ಗಾಜು ನೀವು ಬಯಸಿದ ಗಾತ್ರಕ್ಕೆ ಒಡೆಯುವುದಿಲ್ಲ. ನಾಲ್ಕು ದೊಡ್ಡ ಚೂರಿನ ಜೊತೆ ಒಂದು ಹಿಡಿ ನುಚ್ಚು ಬೀಳುತ್ತದೆ. ಬಣ್ಣ ನೋಡಿ ಆರಿಸುವ ಯಂತ್ರಗಳಿಗೆ ಕೆಲವೇ ಮಿಲಿಮೀಟರಿನ ನುಚ್ಚನ್ನು ಒಂದೊಂದಾಗಿ ಆರಿಸುವುದು ಕಷ್ಟ. ಅದು ಜರಡಿಯಲ್ಲಿ ಇಳಿದುಹೋಗಿ ಗಾಜಿನ ಉಣ್ಣೆಗೋ, ನೊರೆಗಾಜಿಗೋ, ಮೇಲ್ಮೈ ಉಜ್ಜುವ ಪುಡಿಗೋ ಬಳಕೆಯಾಗುತ್ತದೆ. ಮತ್ತೆ ಸೀಸೆಯಾಗುವ ಭಾಗ್ಯ ಅದಕ್ಕೆ ಕಡಿಮೆ.

ತಾನಾಗಿ ಒಡೆದ ಸೀಸೆಯನ್ನು ಧಾರಾಳವಾಗಿ ಕೊಡಬಹುದು. ದೊಡ್ಡ ಚೂರನ್ನು ಕೈಗವಸು ಹಾಕಿ ಎತ್ತಿ, ನುಚ್ಚನ್ನು ಗುಡಿಸಿ ಬೇರೆ ಇಡಿ. ಗುಡಿಸಿದ್ದರಲ್ಲಿ ನೆಲದ ಕಲ್ಲು, ಮಣ್ಣೂ ಬಂದಿರುತ್ತದೆ, ಅದನ್ನು ತೊಟ್ಟಿಗೆ ಸೇರಿಸಬೇಡಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಕೆಟ್ಟ ಅಭ್ಯಾಸ. ಅದನ್ನು ಎತ್ತುವವರ ಕೈಗೆ ಒಳಗೇನಿದೆ ಎಂದು ಗೊತ್ತಿರುವುದಿಲ್ಲ. ಗಟ್ಟಿ ಡಬ್ಬಿಯಲ್ಲಿ ಹಾಕಿ, ಮೇಲೆ 'ಒಡೆದ ಗಾಜು' ಎಂದು ದಪ್ಪಕ್ಷರದಲ್ಲಿ ಬರೆಯಿರಿ.

ಹಂತ 6: ಕೂಡಿಡುವುದು, ಸಾಗಿಸುವುದು

ಗಾಜು ನೀರಿಗಿಂತ ಎರಡೂವರೆ ಪಟ್ಟು ಭಾರ. ಇಡೀ ಸೀಸೆಗಳ ಕ್ರೇಟು ಹಗುರ ಎನಿಸಿದರೂ ಚೂರು ತುಂಬಿದ ಡ್ರಮ್ಮನ್ನು ಇಬ್ಬರಿಂದಲೂ ಅಲುಗಿಸಲಾಗದು. ಚೂರಾದರೆ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಮಳೆ ಬಿದ್ದರೆ ಗಾಜಿಗೇನೂ ಆಗುವುದಿಲ್ಲ, ಆದರೆ ನೀರು ನಿಂತ ಸೀಸೆಯಲ್ಲಿ ಸೊಳ್ಳೆ ಮರಿಮಾಡುತ್ತದೆ. ಆದ್ದರಿಂದ ಸೂರಿನಡಿ, ಇಲ್ಲವೇ ಬೋರಲು.

ನೆಲ ಮುಖ್ಯ. ನಮ್ಮ ಗುಂಪಿನ ಒಂದು ಲೋಡು ವಾಪಸು ಬಂದದ್ದು ಪಿಂಗಾಣಿಯಿಂದಲ್ಲ, ಜಲ್ಲಿಯಿಂದ. ವಾರಗಟ್ಟಲೆ ಕೂತು ಹೆಕ್ಕಿದ ಗಾಜನ್ನು ಮಣ್ಣು ನೆಲದ ಮೇಲೆ ರಾಶಿ ಹಾಕಿ, ಸಲಿಕೆಯಲ್ಲಿ ಎತ್ತಿ ಲಾರಿ ತುಂಬಿದ್ದೆವು. ಕಾಂಕ್ರೀಟು ನೆಲ ಅಥವಾ ದಪ್ಪ ತಗಡು ಹಾಸದೆ ಗಾಜನ್ನು ಸುರಿಯಲೇಬೇಡಿ. ಈ ಹಿಂದೆ ಜಲ್ಲಿ, ಇಟ್ಟಿಗೆ ಸಾಗಿಸಿದ ವಾಹನವಾದರೆ ಮೊದಲು ಗುಡಿಸಿಸಿ.

ಹಂತ 7: ಕಾರ್ಖಾನೆಯಲ್ಲಿ ನಡೆಯುವುದು

ಇದು ನೀವು ಮಾಡುವ ಕೆಲಸವಲ್ಲ. ಆದರೆ ಅಲ್ಲಿ ಏನಾಗುತ್ತದೆ ಎಂದು ಗೊತ್ತಿದ್ದರೆ ಮೇಲಿನ ಆರು ಹಂತಗಳ ತರ್ಕ ಹಿಡಿತಕ್ಕೆ ಬರುತ್ತದೆ.

ಬಂದ ಗಾಜು ಕನ್ವೇಯರ್ ಬೆಲ್ಟಿನ ಮೇಲೆ ಸಾಗುವಾಗ ಎರಡೂ ಕಡೆ ನಿಂತ ಕೆಲಸಗಾರರು ಕಣ್ಣಿಗೆ ಬಿದ್ದ ಕಸವನ್ನು ಕೈಯಲ್ಲೇ ಹೆಕ್ಕುತ್ತಾರೆ: ಪ್ಲಾಸ್ಟಿಕ್ ಚೀಲ, ಬಟ್ಟೆ, ದೊಡ್ಡ ಪಿಂಗಾಣಿ. ನಂತರ ಅಯಸ್ಕಾಂತ ಕಬ್ಬಿಣದ ಮುಚ್ಚಳಗಳನ್ನು ಎಳೆದುಕೊಳ್ಳುತ್ತದೆ. ಗಾಜನ್ನು ಅಂದಾಜು 10ರಿಂದ 50 ಮಿ.ಮೀ. ಗಾತ್ರಕ್ಕೆ ಜಜ್ಜಿ, ಜರಡಿಯಾಡಿಸಿ, ಗಾತ್ರವಾರು ಬೇರೆ ಮಾಡುತ್ತಾರೆ. ಹಗುರವಾದ ಕಾಗದ, ಕಾರ್ಕಿನ ಬಿರಡೆ, ಪ್ಲಾಸ್ಟಿಕ್ ಚೂರುಗಳನ್ನು ಗಾಳಿ ಹೀರಿಕೊಳ್ಳುತ್ತದೆ.

ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕೆ ಬೆಲ್ಟಿನ ತುದಿಯಲ್ಲಿ ಅಯಸ್ಕಾಂತಗಳನ್ನು ಜೋಡಿಸಿದ ಉರುಳೆ ಬಿರುಸಾಗಿ ತಿರುಗುತ್ತಿರುತ್ತದೆ. ಬದಲಾಗುತ್ತಲೇ ಇರುವ ಕಾಂತಕ್ಷೇತ್ರ ಲೋಹದೊಳಗೆ ಸುಳಿವಿದ್ಯುತ್ತನ್ನು ಹುಟ್ಟಿಸಿ, ಆ ಲೋಹದ ಚೂರನ್ನು ಮುಂದಕ್ಕೆ ಒದೆಯುತ್ತದೆ. ಗಾಜು ತನ್ನ ಪಾಡಿಗೆ ಕೆಳಗೆ ಬೀಳುತ್ತಿದ್ದರೆ ಮುಚ್ಚಳದ ಚೂರು ಕಪ್ಪೆಯಂತೆ ಜಿಗಿದು ಆಚೆ ಬೀಳುತ್ತದೆ. ಕಷ್ಟವಾಗುವುದು ಸ್ಟೇನ್‌ಲೆಸ್ ಸ್ಟೀಲ್ ಚೂರಿನ ವಿಷಯದಲ್ಲಿ. ಪಾತ್ರೆ, ಚಮಚಗಳಲ್ಲಿ ಸಾಮಾನ್ಯವಾದ ಬಗೆ ಅಯಸ್ಕಾಂತಕ್ಕೂ ಸರಿಯಾಗಿ ಸಿಗುವುದಿಲ್ಲ, ಇಲ್ಲೂ ಜೋರಾಗಿ ಜಿಗಿಯುವುದಿಲ್ಲ. ಅದರಲ್ಲಿ ನಿಕಲ್ ಇದೆ. ಕಿಟಕಿ ಗಾಜಿನ ಕುಲುಮೆಗೆ ನಿಕಲ್ ಹೊಕ್ಕರೆ ಗಂಧಕದ ಜೊತೆ ಸೇರಿ ನಿಕಲ್ ಸಲ್ಫೈಡ್‌ನ ಸೂಕ್ಷ್ಮ ಹರಳಾಗಬಹುದು. ಆ ಗಾಜನ್ನು ಹದಗೊಳಿಸಿ ಕಟ್ಟಡಕ್ಕೆ ಕೂರಿಸಿದರೆ ವರ್ಷಗಳ ನಂತರ ಯಾರೂ ಮುಟ್ಟದೆಯೇ ಒಂದು ದಿನ ಪುಡಿಪುಡಿಯಾಗಬಹುದು. ಜಾಡಿಯೊಳಗೆ ಚಮಚ ಮರೆತು ಕೊಟ್ಟುಬಿಡಬೇಡಿ ಎನ್ನುವುದು ಇದಕ್ಕೇ.

ನೀರಿನಲ್ಲಿ ಮುಳುಗಿಸಿ ಭಾರದಿಂದ ಬೇರ್ಪಡಿಸಬಹುದಲ್ಲ ಎಂದು ಅನ್ನಿಸಬಹುದು. ಪ್ಲಾಸ್ಟಿಕ್, ಬಿರಡೆಗಳಿಗೆ ಸರಿ. ಪಿಂಗಾಣಿ, ಕಲ್ಲುಗಳ ಸಾಂದ್ರತೆ ಗಾಜಿಗೆ ಎಷ್ಟು ಹತ್ತಿರವೆಂದರೆ ಎಲ್ಲ ಒಟ್ಟಿಗೇ ಮುಳುಗುತ್ತವೆ. ನೀರು ಬಳಸಿದರೆ ಆ ಕೊಳೆನೀರನ್ನೂ ಶುದ್ಧ ಮಾಡಬೇಕು, ಒದ್ದೆ ಪುಡಿ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಹಾಗಾಗಿ ಅನೇಕ ಕಾರ್ಖಾನೆಗಳು ತೊಳೆಯುವ ಬದಲು ಬಿಸಿಗಾಳಿಯಲ್ಲಿ ಒಣಗಿಸುತ್ತವೆ. ಅಂಟು ಒಣಗಿ ಸಡಿಲವಾಗುತ್ತದೆ, ಚೂರುಗಳ ಉಜ್ಜಾಟಕ್ಕೆ ಲೇಬಲ್ಲು ಕಳಚುತ್ತದೆ.

ಕೊನೆಯದು ಬೆಳಕಿನ ಪರೀಕ್ಷೆ. ಒಣಗಿದ ಚೂರುಗಳು ಇಳಿಜಾರು ತಟ್ಟೆಯ ಮೇಲೆ ಒಂದೇ ಪದರವಾಗಿ ಜಾರಿ ತುದಿಯಿಂದ ಕೆಳಗೆ ಬೀಳುತ್ತವೆ. ಬೀಳುವ ಆ ಗಾಜಿನ ಪರದೆಯ ಒಂದು ಕಡೆ ದೀಪ, ಇನ್ನೊಂದು ಕಡೆ ಕ್ಯಾಮೆರಾ. ಬೆಳಕು ದಾಟಿ ಬಂದರೆ ಗಾಜು, ಬಣ್ಣವೂ ಗೊತ್ತಾಯಿತು. ಬೆಳಕು ತಡೆದು ನೆರಳಾಗಿ ಕಂಡರೆ ಕಲ್ಲೋ ಪಿಂಗಾಣಿಯೋ ಲೋಹವೋ. ಚೂರು ಇನ್ನೂ ಗಾಳಿಯಲ್ಲಿರುವಾಗಲೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಸಾಲಾಗಿ ಜೋಡಿಸಿದ ಸಣ್ಣ ಗಾಳಿನಳಿಗೆಗಳಲ್ಲಿ ಒಂದು 'ಟಪ್' ಎಂದು ಊದಿ ಅದನ್ನು ಬೇರೆ ದಾರಿಗೆ ತಳ್ಳುತ್ತದೆ. ಸೀಸದ ಕ್ರಿಸ್ಟಲ್, ಗಾಜು-ಸೆರಾಮಿಕ್‌ನಂಥ ಪಾರದರ್ಶಕ ಕಳ್ಳರು ಈ ದೀಪಕ್ಕೆ ಸಿಗುವುದಿಲ್ಲ. ಅವಕ್ಕೆ ಎಕ್ಸ್-ರೇ ಅಥವಾ ಅತಿನೇರಳೆ ಬೆಳಕಿನ ಬೇರೆ ಯಂತ್ರ ಇರಬೇಕು, ಎಲ್ಲ ಕಡೆ ಅದು ಇರುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಒಂದು ಟನ್ ಕಲೆಟ್‌ನಲ್ಲಿ ಕಲ್ಲು-ಪಿಂಗಾಣಿ ಬರೀ ಹತ್ತಾರು ಗ್ರಾಂ ಮೀರಿದರೆ ಕುಲುಮೆಯವರು ಒಪ್ಪುವುದಿಲ್ಲ. ಒಂದು ಕಪ್ಪಿನ ಹಿಡಿಕೆಯ ತೂಕ ಅಷ್ಟಾಯಿತು.

"ಎಲ್ಲವನ್ನೂ ಯಂತ್ರವೇ ಹಿಡಿಯುತ್ತದಾದರೆ ನಾವ್ಯಾಕೆ ಹೆಕ್ಕಬೇಕು?" ಎಂದು ಹೋದ ಸಲ ಒಬ್ಬರು ಕೇಳಿದ್ದರು. ನಳಿಗೆ ಊದಿದಾಗ ಹಾರುವುದು ಪಿಂಗಾಣಿಯ ಚೂರು ಒಂದೇ ಅಲ್ಲ, ಅದರ ಆಚೀಚೆ ಬೀಳುತ್ತಿದ್ದ ಒಳ್ಳೆಯ ಗಾಜಿನ ಚೂರುಗಳೂ ಅದರ ಜೊತೆ ತಿರಸ್ಕಾರದ ರಾಶಿಗೆ ಹೋಗುತ್ತವೆ. ಆ ರಾಶಿಯನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಕಿ ಒಂದಿಷ್ಟನ್ನು ವಾಪಸು ಪಡೆಯುತ್ತಾರೆ, ಪೂರ್ತಿ ಸಿಗುವುದಿಲ್ಲ. ನೀವು ಮನೆಯಲ್ಲೇ ತೆಗೆದ ಒಂದು ಒಡಕು ಬಸಿ ಅಲ್ಲಿ ಐವತ್ತು ಚೂರಾಗಿ ಐವತ್ತು ಸಲ ಊದಿಸುತ್ತಿತ್ತು.